ಹೊಂಬಳದ ‘ಆತು’

ಉಳವಪ್ಪನೂ ಬುಡ್ಡೇಸಾಬನೂ ಮಾತು ಬಿಟ್ಟು ಒಂದು ವರ್ಷದ ಮೇಲಾಗಿತ್ತು. ಮಾತು ಬಿಡುವುದೆಂದರೆ ಗದಗಿನಲ್ಲಿ ಸಣ್ಣ ಕೆಲಸವಲ್ಲ, ಅದಕ್ಕೂ ಒಂದು ಶಿಸ್ತಿದೆ. ಎದುರಿಗೆ ಬಂದರೆ ದಾರಿ ಬದಲಿಸಬಾರದು, ಬದಲಿಸಿದರೆ ಅಂಜಿದ ಹಾಗಾಗುತ್ತದೆ. ಮುಖ ನೋಡಬಾರದು, ಆದರೆ ನೋಡಲಿಲ್ಲ ಎಂಬುದು ಅವನಿಗೆ ಗೊತ್ತಾಗಬೇಕು. ಏನಾದರೂ ಹೇಳಲೇಬೇಕಾಗಿ ಬಂದರೆ ನಡುವೆ ಯಾರನ್ನಾದರೂ ನಿಲ್ಲಿಸಿಕೊಂಡು, ಅವರ ಮುಖ ನೋಡುತ್ತ, ಇವನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಬೇಕು. ಇಬ್ಬರ ಅಂಗಡಿಗಳೂ ಸ್ಟೇಷನ್ ರಸ್ತೆಯಲ್ಲಿ ಒಂದೇ ಗೋಡೆಯ ಆಚೀಚೆ ಇದ್ದುದರಿಂದ ಈ ವ್ರತವನ್ನು ಬೆಳಗಿನಿಂದ ಸಂಜೆಯತನಕ ನಡೆಸಬೇಕಾಗಿತ್ತು. ಇಬ್ಬರೂ ನಡೆಸಿದರು. ಅಷ್ಟು ನಿಷ್ಠೆಯಿಂದ ಅವರು ತಮ್ಮ ವ್ಯಾಪಾರವನ್ನೂ ನೋಡಿಕೊಂಡವರಲ್ಲ.

ಉಳವಪ್ಪನದು ಪ್ರೆಸ್ಸು, ಬುಡ್ಡೇಸಾಬನದು ಪೆಂಡಾಲು ಮತ್ತು ಪಾತ್ರೆಗಳ ಅಂಗಡಿ. ಲಗ್ನದ ಕಾರ್ಡು ಮಾಡಿಸಲು ಬಂದವರು ಪಕ್ಕದ ಬಾಗಿಲಿನಲ್ಲಿ ಪೆಂಡಾಲು ಹೇಳಿ ಹೋಗುತ್ತಿದ್ದರು. ಮನೆಯ ಕಾರ್ಯಗಳಿಗೂ ಅದೇ ಕಟ್ಟಳೆ. ಉಳವಪ್ಪನ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ ಪೆಂಡಾಲು ಬುಡ್ಡೇಸಾಬನದೇ. ಬುಡ್ಡೇಸಾಬನ ಮನೆಯ ಯಾವ ಕಾರ್ಡೂ ಉಳವಪ್ಪನ ಪ್ರೆಸ್ಸು ಬಿಟ್ಟು ಬೇರೆ ಕಡೆ ಅಚ್ಚಾದದ್ದಿಲ್ಲ. ಆ ಕಾರ್ಡುಗಳ ಕೆಳತುದಿಯಲ್ಲಿ, ‘ಸುಖಾಗಮನ ಬಯಸುವವರು’ ಎಂಬ ಸಾಲಿನ ಅಡಿಗೆ, ಒಬ್ಬನ ಮನೆಯ ಕಾರ್ಡಿನಲ್ಲಿ ಇನ್ನೊಬ್ಬನ ಹೆಸರು ಇದ್ದೇ ಇರುತ್ತಿತ್ತು.

ಇಂಥ ಇಬ್ಬರ ನಡುವೆ ಕೆಟ್ಟದ್ದು ಎರಡಕ್ಷರದ ಒಂದು ಶಬ್ದದಿಂದ. ಉಳವಪ್ಪನ ಮಗಳು ಸ್ನೇಹಾಳ ನಿಶ್ಚಯಕಾರ್ಯ ಅವರ ಮೂಲ ಊರು ಹೊಂಬಳದಲ್ಲಿತ್ತು. ಹಿಂದಿನ ದಿನ ಉಳವಪ್ಪ ಅಲ್ಲಿಂದ ಫೋನು ಮಾಡಿ, “ಬುಡ್ಡ್ಯಾ, ಪೆಂಡಾಲದ ಗಾಡಿ ಕಳಸೋದಪಾ...” ಎಂದು ಮಾತನ್ನು ಅರ್ಧಕ್ಕೆ ಬಿಟ್ಟ. “ಆತು” ಎಂದ ಬುಡ್ಡೇಸಾಬ. ಫೋನು ಇಟ್ಟರು. ನಮ್ಮ ಕಡೆ ‘ಆತು’ ಎಂದರೆ ‘ಸರಿ, ಮಾಡುತ್ತೇನೆ’ ಎಂದೂ ಹೌದು, ‘ಮಾಡಿ ಮುಗಿಸಿದ್ದೇನೆ’ ಎಂದೂ ಹೌದು. ಆಡಿದವನು ಒಂದನ್ನು ಆಡಿದ, ಕೇಳಿದವನು ಇನ್ನೊಂದನ್ನು ಕೇಳಿದ. ಗಾಡಿ ದಾರಿಯಲ್ಲಿದೆ ಎಂದು ಉಳವಪ್ಪ ನೆಮ್ಮದಿಯಿಂದ ಮಲಗಿದ. ನಾಳೆ ಕಳಿಸಿದರಾಯಿತು ಎಂದು ಬುಡ್ಡೇಸಾಬನೂ ನೆಮ್ಮದಿಯಿಂದ ಮಲಗಿದ.

ಮರುದಿನ ಬೀಗರು ಚೈತ್ರದ ಬಿಸಿಲಿನಲ್ಲಿ ಊಟಕ್ಕೆ ಕೂತರು. ಗಂಡಿನ ಸೋದರಮಾವ ಒಂದು ಕೈಯಲ್ಲಿ ಕೊಡೆ ಹಿಡಿದು ಇನ್ನೊಂದು ಕೈಯಲ್ಲಿ ಹೋಳಿಗೆ ತಿಂದ. ಎಲ್ಲರೂ ಕೈ ತೊಳೆಯುವ ಹೊತ್ತಿಗೆ ಪೆಂಡಾಲದ ಗಾಡಿ ಹಾರ್ನು ಹೊಡೆಯುತ್ತ ಬಂತು, ಮುಂದಿನ ಸೀಟಿನಲ್ಲಿ ನಗುತ್ತ ಬುಡ್ಡೇಸಾಬ. ಉಳವಪ್ಪ ಬೀಗರ ಎದುರಿಗೇ ಹಾರಿಬಿದ್ದ. “ಆತು ಅಂದಿ! ಫೋನಿನ್ಯಾಗ ಆತು ಅಂದಿ!”

“ಆತು, ಕಳಸ್ತೀನಿ ಅಂದೆ,” ಎಂದು ಬುಡ್ಡೇಸಾಬನೂ ದನಿ ಏರಿಸಿದ. “ಕಳಸೇನಿ ಅಂತ ಎಲ್ಲಿ ಅಂದೆ?”

ಈ ಮಾತಿಗೆ ಉಳವಪ್ಪ ಉತ್ತರ ಕೊಡಲಿಲ್ಲ. ಕೊಡುವ ಬದಲು ಮಾತನ್ನೇ ಬಿಟ್ಟ. ಮುಂದೆ ಸ್ನೇಹಾಳ ಮದುವೆಯ ಕಾರ್ಡಿಗೆ ಅಚ್ಚಿನ ಮೊಳೆ ಜೋಡಿಸುವಾಗ ಬುಡ್ಡೇಸಾಬನ ಹೆಸರನ್ನು ತೆಗೆದ, ಮತ್ತೆ ಕೂಡಿಸಿದ, ಮತ್ತೆ ತೆಗೆದ. ತೆಗೆದದ್ದೇ ಅಚ್ಚಾಯಿತು. ಆದರೂ ಬುಡ್ಡೇಸಾಬ ಮದುವೆಗೆ ಬಂದ. ಅಕ್ಷತೆ ಹಾಕಿದ, ಸ್ವಲ್ಪ ಹೊತ್ತು ಕುರ್ಚಿಯಲ್ಲಿ ಕೂತ, ಊಟ ಮಾಡದೆ ಎದ್ದು ಹೋದ. ಆ ಖಾಲಿ ಕುರ್ಚಿ ಉಳವಪ್ಪನ ಕಣ್ಣಿಗೆ ಈಗಲೂ ಕಟ್ಟುತ್ತಿತ್ತು. ಯಾರಿಗೂ ಹೇಳಿರಲಿಲ್ಲ, ಅಷ್ಟೆ.

ಈಗ ಬುಡ್ಡೇಸಾಬನ ಮಗಳು ನಿಶಾತಳ ಮದುವೆ ಗೊತ್ತಾಗಿತ್ತು. ಸುದ್ದಿ ತಂದವಳು ಉಳವಪ್ಪನ ಹೆಂಡತಿ ಸುಮಿತ್ರವ್ವ. ಅವಳೂ ಬುಡ್ಡೇಸಾಬನ ಹೆಂಡತಿ ಮಾಸುಮಬಿಯೂ ಮಾತು ಬಿಟ್ಟಿರಲಿಲ್ಲ. ಗಂಡಸರಿಗೆ ಬೇರೆ ಕೆಲಸವಿಲ್ಲ ಎಂದು ಇಬ್ಬರೂ ಕೂಡಿಯೇ ತೀರ್ಮಾನಿಸಿದ್ದರು.

“ಹುಡುಗನ ಹೆಸರೇನಂತ?” ಎಂದು ಉಳವಪ್ಪ, ಹಪ್ಪಳ ಮುರಿಯುತ್ತ, ಏನೂ ಬೇಕಿಲ್ಲದವನ ಹಾಗೆ ಕೇಳಿದ.

“ಬುಡ್ಡೇಸಾಬಣ್ಣನ್ನ ಕೇಳ್ರಿ.”

“ತಾರೀಖಾದರೂ ಹೇಳ.”

“ಅದನ್ನೂ ಅವರನ್ನ ಕೇಳ್ರಿ. ಗ್ವಾಡಿ ಆಚಿ ಕಡೆನ ಅದಾರಲ್ಲ,” ಎಂದು ಸುಮಿತ್ರವ್ವ ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ನಿಶಾತ ಶಾಲೆಗೆ ಹೋಗುತ್ತಿದ್ದಾಗ ದಿನಾ ಸಂಜೆ ಪ್ರೆಸ್ಸಿನಲ್ಲಿ ಬಂದು ಕೂರುತ್ತಿದ್ದಳು. ಒಮ್ಮೆ, “ಕಾಕಾ, ನನ್ನ ಲಗ್ನದ ಕಾರ್ಡಿಗೆ ಈ ಮೊಳಿ ಅಕ್ಷರ ಬ್ಯಾಡ್ರಿ. ಕಂಪ್ಯೂಟರದ್ದು ಬೇಕು. ಬಣ್ಣದ್ದು,” ಎಂದಿದ್ದಳು. “ಆಗಲೆವ್ವಾ, ನಾನ ಮಾಡಿಕೊಡ್ತೀನಿ,” ಎಂದು ಉಳವಪ್ಪ ಮಾತು ಕೊಟ್ಟಿದ್ದ. ಆಗ ಅವನು ಕಂಪ್ಯೂಟರನ್ನು ಹತ್ತಿರದಿಂದ ನೋಡಿಯೂ ಇರಲಿಲ್ಲ. ಈಗ ಅವಳಪ್ಪ ಕಾರ್ಡಿನ ಕೆಲಸ ಕೊಡುತ್ತಾನೋ ಇಲ್ಲವೋ ಗೊತ್ತಿಲ್ಲ. ಆದರೆ ಮಗಳಿಗೆ ಕೊಟ್ಟ ಮಾತು ಹಾಗೇ ಇತ್ತಲ್ಲ. ಉಳವಪ್ಪ ಕನ್ನಡಕ ಒರೆಸಿಕೊಂಡು ಎರಡೂ ಅಂಗಡಿಗಳ ಮೇಲಿನ ಮಾಳಿಗೆಯ ಕಂಪ್ಯೂಟರ್ ಕ್ಲಾಸಿಗೆ ಸೇರಿದ. ಗದಗು ಹೊಸ ಜಿಲ್ಲೆಯಾದ ಮೇಲೆ ಇಂಥ ಕ್ಲಾಸುಗಳು ಗಲ್ಲಿಗೊಂದು ಹುಟ್ಟಿದ್ದವು.

ಕಲಿಸುವವಳು ಲಕ್ಷ್ಮೇಶ್ವರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ರುಹಿ. ಮೊದಲ ದಿನವೇ ಅವಳಿಗೆ ಬೆವರಿಳಿಯಿತು. ಮೌಸನ್ನು ಬಲಕ್ಕೆ ಒಯ್ಯಿರಿ ಎಂದರೆ ಉಳವಪ್ಪ ಎತ್ತಿ ಬಲಕ್ಕೆ ಇಟ್ಟ. ಒತ್ತಿರಿ ಎಂದರೆ ಅಚ್ಚಿನ ಯಂತ್ರದ ಹಿಡಿಕೆ ಒತ್ತುವ ಹಾಗೆ ಒತ್ತಿದ, ಮೇಜು ಅಲುಗಿತು. ಕೊನೆಗೆ ಅವಳು, “ಕಾಕಾ, ಮೊದಲ ಕೈ ಹಗುರ ಆಗಬೇಕ್ರಿ. ಒಂದೀಟು ಈ ಆಟ ಆಡ್ರಿ,” ಎಂದು ಒಂದು ಸಿ.ಡಿ. ಹಾಕಿದಳು.

ಅದು ಇಡೀ ಇತಿಹಾಸದ ಆಟ. ಕಲ್ಲು ಹಿಡಿದ ನಾಲ್ಕು ಜನರಿಂದ ಶುರು. ಅವರಿಂದ ಕಟ್ಟಿಗೆ ಕಡಿಸಬೇಕು, ಹೊಲ ಮಾಡಿಸಬೇಕು, ಊರು ಕಟ್ಟಿಸಬೇಕು. ಕಾಳುಕಡಿ ಸಾಕಷ್ಟು ಕೂಡಿದರೆ ಒಂದು ಗುಂಡಿ ಒತ್ತಿ ಮುಂದಿನ ಯುಗಕ್ಕೆ ದಾಟಬಹುದು. ಕಲ್ಲು ಹೋಗಿ ಕಂಚು, ಕಂಚು ಹೋಗಿ ಕಬ್ಬಿಣ, ಆಮೇಲೆ ಕೋಟೆ, ತೋಪು, ವಿಮಾನ, ಕಡೆಗೆ ತಾನೇ ನಡೆಯುವ ಉಕ್ಕಿನ ಮನುಷ್ಯ. ಧಾರವಾಡದಿಂದ ಬಿಡಿಸಿಕೊಂಡು ಒಂದು ಜಿಲ್ಲೆಯಾಗಲು ಗದಗಿಗೆ ಎಷ್ಟು ಕಾಲ ಬೇಕಾಯಿತೆಂದು ಬಲ್ಲ ಉಳವಪ್ಪನಿಗೆ, ಚಾ ಆರುವುದರೊಳಗೆ ಎರಡು ಯುಗ ದಾಟುವ ಈ ಜನರನ್ನು ಕಂಡು ಹೊಟ್ಟೆಕಿಚ್ಚಾಯಿತು. ಇನ್ನೊಂದು ತೊಡಕೆಂದರೆ ಇಲ್ಲಿ ಸರದಿ ಎಂಬುದಿಲ್ಲ. ನೀವು ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತರೆ ಶತ್ರು ನಿಮಗಾಗಿ ಕಾಯುತ್ತ ಕೂರುವುದಿಲ್ಲ, ಬಂದೇ ಬಿಡುತ್ತಾನೆ.

ಉಳವಪ್ಪನ ರಾಜ್ಯ ನೋಡುವಂತಿತ್ತು. ಮೊಳೆ ಜೋಡಿಸಿದ ಕೈಯಲ್ಲವೇ, ಮನೆಗಳನ್ನೆಲ್ಲ ಸಾಲು ಹಿಡಿದು ಕಟ್ಟಿಸಿದ. ಒಂದು ಮನೆ ಕೂದಲೆಳೆಯಷ್ಟು ಆಚೆ ಹೋದರೆ ಕೆಡವಿ ಮತ್ತೆ ಕಟ್ಟಿಸಿದ. ಸೈನ್ಯ ಕಟ್ಟಬೇಕಾದ ಹೊತ್ತಿನಲ್ಲಿ ಗುಡಿ ಕಟ್ಟಿದ. ಶತ್ರು ಬಂದು ಸುಡುವಾಗ ಊರು ಅಚ್ಚುಕಟ್ಟಾಗಿತ್ತು ಎಂಬುದೊಂದೇ ಅವನ ಸಮಾಧಾನ.

ಆಟ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಅವನು ನಿಶಾತಳ ಕಾರ್ಡಿಗೆ ಕೂರುತ್ತಿದ್ದ. ಅಂಚಿಗೆ ಬಳ್ಳಿ, ಮೇಲೆ ಚಂದ್ರ, ನಡುವೆ ನಿಶಾತಳ ಹೆಸರು ಹಸಿರು ಬಣ್ಣದಲ್ಲಿ. ವರನ ಹೆಸರಿದ್ದಲ್ಲಿ ಬರೀ ಚುಕ್ಕೆ, ತಾರೀಖಿದ್ದಲ್ಲಿ ಬರೀ ಚುಕ್ಕೆ.

ವಾರ ಕಳೆಯುವುದರೊಳಗೆ ಮೆಟ್ಟಿಲ ಮೇಲೆ ಇನ್ನೊಬ್ಬರ ಉಸಿರಾಟ ಕೇಳಿಸಿತು. ಬುಡ್ಡೇಸಾಬ. ಉಳವಪ್ಪ ಥಟ್ಟನೆ ಕಾರ್ಡನ್ನು ಮುಚ್ಚಿದ. “ಏನ ಕಲೀತೀರಿ ಚಾಚಾ?” ಎಂದಳು ರುಹಿ.

“ಕೆಲವು ಮಂದಿ ಏನ ಕಲಿಯಾಕತ್ತಾರಲ್ಲ, ಅದನ್ನ,” ಎಂದ ಬುಡ್ಡೇಸಾಬ, ಗೋಡೆಯ ಕ್ಯಾಲೆಂಡರ್ ನೋಡುತ್ತ.

ಅಲ್ಲಿಂದ ಇಬ್ಬರ ಕಂಪ್ಯೂಟರುಗಳನ್ನೂ ಒಂದು ತಂತಿ ಕೂಡಿಸಿತು. ಎದುರಾಳಿಯಾಗಿ ಆಡಲು ಇಬ್ಬರೂ ಒಪ್ಪಿದರು, ಯಾಕೆಂದರೆ ಆಟ ಎಂದರೆ ಮಾತಲ್ಲ. ಬುಡ್ಡೇಸಾಬ ಪೆಂಡಾಲು ಹೊಡೆಯುವ ಹಾಗೆ ನೋಡನೋಡುತ್ತ ಊರು ಎಬ್ಬಿಸುತ್ತಿದ್ದ, ಸೊಟ್ಟಪಟ್ಟ ಇದ್ದರೂ ಚಿಂತೆಯಿಲ್ಲ. ಒಂದು ವರ್ಷ ನುಂಗಿಕೊಂಡ ಸಿಟ್ಟೆಲ್ಲ ಈಟಿ, ಕುದುರೆ, ತೋಪುಗಳಾಗಿ ಹೊರಬಿತ್ತು. ಒಂದು ದಿನ ಉಳವಪ್ಪನ ಗುಡಿ ಉರಿಯಿತು, ಮರುದಿನ ಬುಡ್ಡೇಸಾಬನ ಕೋಟೆ ಬಿತ್ತು. ಅಂಗಡಿಗೆ ಗಿರಾಕಿ ಬಂದರೆ ಇಬ್ಬರಿಗೂ ಸಿಟ್ಟು ಬರತೊಡಗಿತು.

ಆಡುತ್ತ ಆಡುತ್ತ ಒಂದು ವಿಚಿತ್ರವಾಯಿತು. ಮುಖ ನೋಡದೆಯೂ ಉಳವಪ್ಪನಿಗೆ ಗೆಳೆಯನ ಹಾಲುಹವಾಲು ತಿಳಿಯತೊಡಗಿತು. ಒಂದು ದಿನ ಬುಡ್ಡೇಸಾಬನ ಸೈನ್ಯ ಹೊರಡಲೇ ಇಲ್ಲ. ಉಳವಪ್ಪ ತಡೆಯಲಾರದೆ, “ರುಹಿ, ಅವರಿಗೆ ಆರಾಮ ಐತೇನು ಕೇಳವಾ,” ಎಂದ.

“ಮೊಣಕಾಲ ನೋವು ಅಂತ ಹೇಳ,” ಎಂದ ಬುಡ್ಡೇಸಾಬ. “ಮತ್ತ, ಅವರು ಯಾಕ ಕೇಳಬೇಕು ಅಂತನೂ ಕೇಳ.”

ರುಹಿ ಎರಡನ್ನೂ ಹೇಳಲಿಲ್ಲ. ಇಬ್ಬರ ಕಿವಿಗಳೂ ನೆಟ್ಟಗಿದ್ದವು, ಅವಳಿಗೆ ಗೊತ್ತಿತ್ತು.

ಹೀಗೇ ನಡೆದಿದ್ದರೆ ಚಿಂತೆಯಿರಲಿಲ್ಲ. ಆದರೆ ಒಂದು ಮಧ್ಯಾಹ್ನ ಉಳವಪ್ಪ ಪ್ರೆಸ್ಸಿನ ಕಟ್ಟೆಯ ಮೇಲೆ ನಿಂತಿದ್ದಾಗ ಪಕ್ಕದ ಅಂಗಡಿಯಲ್ಲಿ ಹುಬ್ಬಳ್ಳಿಯಿಂದ ಬಂದ ಒಬ್ಬಾತ ಬುಡ್ಡೇಸಾಬನ ಮುಂದೆ ಮಾದರಿ ಕಾರ್ಡುಗಳನ್ನು ಹರಡಿದ್ದು ಕಂಡ. ಹೊಳೆಯುವ ಕಾಗದ, ಬಂಗಾರದ ಅಂಚು, ತೆರೆದರೆ ಹಾಡುವ ಕಾರ್ಡು ಬೇರೆ. ಬುಡ್ಡೇಸಾಬ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡುತ್ತಿದ್ದ. ಉಳವಪ್ಪ ಕಟ್ಟೆಯಿಂದ ಒಳಗೆ ಸರಿದ. ಸ್ನೇಹಾಳ ಕಾರ್ಡಿನಿಂದ ಅವನ ಹೆಸರು ಕಿತ್ತು ಹಾಕಿದ್ದು ನಾನೇ, ಈಗ ಯಾವ ಬಾಯಿಂದ ಕೇಳಲಿ ಎಂದುಕೊಂಡ. ತನ್ನ ಕೈಯಾರೆ ಕಳಕೊಂಡದ್ದಕ್ಕೆ ಬೇರೆಯವರನ್ನು ಬೈಯುವ ಸುಖವೂ ಅವನಿಗಿರಲಿಲ್ಲ.

ಅವತ್ತು ಆಟದಲ್ಲಿ ಅವನ ಕೈ ಓಡಲಿಲ್ಲ. ಅದನ್ನು ಕಂಡ ರುಹಿ ಇಬ್ಬರ ಮುಂದೂ ನಿಂತು, “ಇವತ್ತ ನೀವಿಬ್ಬರೂ ಒಂದ ಕಡೆ,” ಎಂದಳು. “ಕಂಪ್ಯೂಟರ ಒಂದ ಕಡೆ. ನನಗೂ ನಿಮ್ಮ ಜಗಳ ನೋಡಿ ಸಾಕಾತ್ರಿ.”

ಒಂದೇ ಕಡೆ ಎಂದ ಮೇಲೆ ಹೇಳಿಕೇಳಿ ಮಾಡಬೇಕಾಯಿತು, ಹೇಳಿಕೇಳಲು ರುಹಿಯೇ ಬೇಕಾಯಿತು. ಎರಡು ಗುಡ್ಡಗಳ ನಡುವಿನ ಸಂದಿಯಲ್ಲಿ ಉಳವಪ್ಪನ ಊರು, ಅದರ ಹಿಂದೆ ಬುಡ್ಡೇಸಾಬನದು. ಸಂದಿಗೆ ಗೋಡೆ ಕಟ್ಟಿ ಊರ ಮುಂದಿನ ಅಗಸಿ ಬಾಗಿಲು ಹಾಕುವುದು ಉಳವಪ್ಪನ ಪಾಲಿಗೆ, ಸೈನ್ಯ ಒಯ್ದು ಶತ್ರುವಿನ ಊರು ಹೊಡೆಯುವುದು ಬುಡ್ಡೇಸಾಬನ ಪಾಲಿಗೆ. ವಿಚಿತ್ರವೆಂದರೆ ಇಬ್ಬರೂ ಕೂಡಿದಾಗ ಕೆಲಸ ಸೊಗಸಾಗಿ ನಡೆಯಿತು. ಇವನ ಹೊಲದ ಕಾಳು ಅವನ ಸೈನ್ಯಕ್ಕೆ ಹೋಯಿತು, ಅವನ ಕುದುರೆಗಳು ಇವನ ಊರನ್ನು ಕಾದವು. ಕಬ್ಬಿಣದ ಯುಗಕ್ಕೆ ಇಬ್ಬರೂ ಒಟ್ಟಿಗೇ ದಾಟಿದಾಗ ಉಳವಪ್ಪ ತನಗರಿಯದೆ ತೊಡೆ ತಟ್ಟಿದ.

“ರುಹಿ, ನಾ ಫೌಜ ಹೊರಗ ತಗದೇನಿ. ಅಗಸಿ ಬಾಗಲಾ ಹಾಕೋದು ಕೇಳ,” ಎಂದ ಬುಡ್ಡೇಸಾಬ.

ಆ ಗಳಿಗೆಯಲ್ಲಿ ಉಳವಪ್ಪನ ಕಣ್ಣು ಒಂದು ಹೊಸ ಮನೆಯ ಮೇಲಿತ್ತು. ಅದು ಸಾಲು ತಪ್ಪಿ ಒಂದಿಷ್ಟು ಈಚೆ ಬಂದಿತ್ತು. ಅದೊಂದನ್ನು ಸರಿಮಾಡಿ ಬಾಗಿಲು ಹಾಕಿದರಾಯಿತು ಎಂದುಕೊಂಡು, “ಆತು ಅನ್ನು,” ಎಂದ.

“ಆತಂತ್ರಿ ಚಾಚಾ.”

ಬುಡ್ಡೇಸಾಬ ಒಬ್ಬನನ್ನೂ ಹಿಂದುಳಿಸದೆ ಇಡೀ ಸೈನ್ಯವನ್ನು ನಡೆಸಿಕೊಂಡು ಹೋದ. ಅವನು ಶತ್ರುವಿನ ಊರು ಮುಟ್ಟುವ ಮೊದಲೇ ಶತ್ರುವಿನ ಆನೆಗಳು ಇನ್ನೊಂದು ದಾರಿಯಿಂದ ಬಂದು, ಹಾರುಹೊಡೆದು ತೆರೆದಿದ್ದ ಅಗಸಿಯ ಮೂಲಕ, ಯಾರ ಅಪ್ಪಣೆಯನ್ನೂ ಕೇಳದೆ ಒಳಗೆ ನುಗ್ಗಿದವು. ಸಾಲುಮನೆಗಳು ಸಾಲಾಗಿಯೇ ಬಿದ್ದವು. ಗುಡಿ ಬಿತ್ತು. ಅದರ ಹಿಂದಿದ್ದ ಬುಡ್ಡೇಸಾಬನ ಊರಿನಲ್ಲಿ ಕುರಿ ಕಾಯುವ ಮುದುಕನ ಹೊರತು ಯಾರೂ ಇರಲಿಲ್ಲ. ಅದೂ ನೆಲಸಮವಾಯಿತು.

ಬುಡ್ಡೇಸಾಬ ಕುರ್ಚಿ ಹಿಂದಕ್ಕೆ ಬೀಳುವ ಹಾಗೆ ಎದ್ದ. ರುಹಿಯ ಕಡೆ ನೋಡಲಿಲ್ಲ, ಕ್ಯಾಲೆಂಡರ್ ಕಡೆ ನೋಡಲಿಲ್ಲ. “ಲೇ ಉಳವ್ಯಾ! ಆತು ಅಂದಿ! ಅಗಸಿ ಬಾಗಲಾ ಆತು ಅಂದಿ!”

“ಆತು, ಹಾಕ್ತೀನಿ ಅಂದೆ,” ಎಂದು ಉಳವಪ್ಪನೂ ಎದ್ದು ನಿಂತು ಕೂಗಿದ. “ಹಾಕೇನಿ ಅಂತ ಎಲ್ಲಿ ಅಂದೆ?”

ಮಾತು ಬಾಯಿಂದ ಬಿದ್ದ ಮೇಲೆ ಅದು ಅವನ ಕಿವಿಗೆ ಹೋಯಿತು. ಹೊಂಬಳದ ಬಿಸಿಲು, ಕೊಡೆ ಹಿಡಿದ ಬೀಗ, ಗಾಡಿಯಿಂದ ಇಳಿದು ನಿಂತ ಇದೇ ಮನುಷ್ಯ ಎಲ್ಲ ಒಟ್ಟಿಗೇ ನೆನಪಾದವು. ಇವನು ಅಂದು ಸುಳ್ಳು ಹೇಳಿರಲಿಲ್ಲ. ಇಷ್ಟನ್ನು ತಿಳಿಯಲು ನನಗೆ ಒಂದು ವರ್ಷವೂ ಕಲ್ಲಿನಿಂದ ಕಬ್ಬಿಣದತನಕದ ಇತಿಹಾಸವೂ ಬೇಕಾಯಿತಲ್ಲ ಎಂದು ಅವನಿಗೆ ನಾಚಿಕೆಯಾಯಿತು, ಕಣ್ಣು ಉರಿಯುವಷ್ಟು ನಾಚಿಕೆ.

“ಇನ್ನೊಮ್ಮಿ ಅನ್ನು,” ಎಂದ ಬುಡ್ಡೇಸಾಬ, ಮೆತ್ತಗೆ.

“ಏನು?”

“ಈಗ ಅಂದ್ಯಲ್ಲ, ಅದು. ನನಗ ಭಾಳ ಛಲೋ ಅನಿಸ್ತು.”

“ತಪ್ಪಾತೋ ಮಾರಾಯಾ.”

“ಇದು ಯಾವ ಆತು? ಆಗೇತೋ, ಇನ್ನ ಆಗೋದೈತೋ?”

ರುಹಿ ಕಿಸಕ್ಕೆಂದಳು. ಮೊದಲು ಬುಡ್ಡೇಸಾಬನ ಹೊಟ್ಟೆ ಅಲುಗಿತು, ಆಮೇಲೆ ಉಳವಪ್ಪನದು. ನಕ್ಕು ಸುಸ್ತಾದ ಮೇಲೆ ಉಳವಪ್ಪ ಒಂದು ವರ್ಷ ಹೊತ್ತುಕೊಂಡಿದ್ದನ್ನು ಇಳಿಸಿದ. “ಸ್ನೇಹಾನ ಲಗ್ನದಾಗ ಯಾಕ ಉಣ್ಣದ ಹೋದಿ?”

“ಊಟಕ್ಕ ಏಳ್ರಿ ಅನ್ನಾಕ ಒಬ್ಬರರ ಬಂದ್ರೇನು?”

“ನಾ ಬಂದಿದ್ನೆಪಾ. ಮಾತು ಬಿಟ್ಟಿದ್ದಿವಲ್ಲ, ನಿನಗ ಹೇಳಾಕ ನಡುವ ಒಬ್ಬ ಮನಷ್ಯಾ ಬೇಕಲ್ಲ, ಅವನ್ನ ಹುಡುಕ್ಯಾಡಿ ಕರಕೊಂಡ ಬರೂದರಾಗ ಕುರ್ಚಿ ಖಾಲಿ ಇತ್ತು.”

ಬುಡ್ಡೇಸಾಬ ಬಿದ್ದ ಕುರ್ಚಿಯನ್ನು ಎತ್ತಿ ಉಳವಪ್ಪನ ಪಕ್ಕಕ್ಕೆ ಹಾಕಿ ಅದರಲ್ಲಿ ಕೂತ. “ಹುಬ್ಬಳ್ಳಿಯವ ಕಾರ್ಡ ತೋರಿಸಿ ಹೋದ. ನಿಶಾತ ಒಂದನ್ನೂ ಮುಟ್ಟಲಿಲ್ಲ. ಉಳವಪ್ಪ ಕಾಕಾ ಮಾಡಿದ್ರ ಕಾರ್ಡ, ಇಲ್ಲಂದ್ರ ಬಾಯಿಲೆ ಹೇಳಿ ಕರೀರಿ ಅಂದ್ಲು. ನನಗ ಕೇಳಾಕ ಬಾಯಿ ಬರಲಿಲ್ಲ. ಮಾಡ್ತಿಯೇನು?”

“ಆತು,” ಎಂದ ಉಳವಪ್ಪ.

ಬುಡ್ಡೇಸಾಬ ಅವನನ್ನು ಅಡಿಯಿಂದ ಮುಡಿಯತನಕ ನೋಡಿದ. “ಯಾವ ಆತು?”

ಉಳವಪ್ಪ ರೂಢಿಯಂತೆ ರುಹಿಯ ಕಡೆ ತಿರುಗಿ, “ಅವನಿಗೆ ತೋರಸವಾ,” ಎಂದ.

“ನೀವ ತೋರಸ್ರಿ ಕಾಕಾ,” ಎಂದಳು ರುಹಿ, ಬಸ್ಸಿನ ಹೊತ್ತಾಯಿತೆಂದು ಬ್ಯಾಗು ಹುಡುಕುತ್ತ. “ನಡುವಿನ ಮನಷ್ಯಾನ ಕೆಲಸ ಬಿಟ್ಟೇನ್ರಿ ನಾನು.”

ಉಳವಪ್ಪ ಮೌಸು ಹಿಡಿದ. ಕೈ ಈಗ ಹಗುರಾಗಿತ್ತು. ಪರದೆಯ ಮೇಲೆ ಕಾರ್ಡು ಬಂತು, ಬಳ್ಳಿ, ಚಂದ್ರ, ಹಸಿರು ಅಕ್ಷರದ ನಿಶಾತ. ಬುಡ್ಡೇಸಾಬ ಕನ್ನಡಕ ತೆಗೆದ, ಒರೆಸಿದ, ಮತ್ತೆ ಹಾಕಿಕೊಂಡ. ಮಗಳ ಹೆಸರನ್ನು ಬೆರಳಿನಿಂದ ಮುಟ್ಟಿ ನೋಡಿದ. ಇದು ಎಂದಿನಿಂದ ಇಲ್ಲಿದೆ ಎಂದು ಕೇಳಲಿಲ್ಲ, ಅವನಿಗೆ ತಿಳಿಯಿತು. “ಈ ಚುಕ್ಕಿ ಯಾಕ?”

“ಹುಡುಗನ ಹೆಸರ ಯಾರು ಹೇಳ್ಯಾರ ನನಗ? ನನ್ನ ಹೇಂತಿನೂ ಹೇಳಲಿಲ್ಲ.”

“ಶಿಗ್ಲಿ ಹುಡುಗ. ಇನಾಯತ,” ಎಂದ ಬುಡ್ಡೇಸಾಬ. ತಾರೀಖನ್ನೂ ಹೇಳಿದ. ಉಳವಪ್ಪ ಒಂದೇ ಬೆರಳಿನಿಂದ ಕುಟ್ಟಿದ. ಚುಕ್ಕೆಗಳು ಹೋಗಿ ಹೆಸರು ಕೂತಿತು. ಬುಡ್ಡೇಸಾಬ ಸಾಲುಸಾಲಾಗಿ ಓದುತ್ತ ಕೆಳಗಿಳಿದು ಕಟ್ಟಕಡೆಯ ಸಾಲಿನಲ್ಲಿ ನಿಂತ.

“ಸುಖಾಗಮನ ಬಯಸುವವರು ಅಂತ ಐತಿ. ಅದರ ಕೆಳಗ ನಿನ್ನ ಹೆಸರ ಎಲ್ಲೈತಿ?”

ಉಳವಪ್ಪ ಕೀಲಿಮಣೆಯನ್ನೇ ನೋಡಿದ. “ನಾ ನಿನ್ನ ಹೆಸರ ತಗದಿದ್ನಿ.”

“ಅದು ಗೊತ್ತೈತಿ. ನನಗೂ ಓದಾಕ ಬರ್ತೈತಿ. ನಿನ್ನ ಹೆಸರ ಹಾಕು.”

“ಆತು.”

“ಬಾಯಿಲೆ ಬ್ಯಾಡ,” ಎಂದು ಬುಡ್ಡೇಸಾಬ ಎದ್ದು ನಿಂತು ಅವನ ಹೆಗಲ ಮೇಲೆ ಕೈಯಿಟ್ಟ. “ನಾ ಇಲ್ಲೇ ನಿಂತಿರ್ತೀನಿ. ಹಾಕು.”

ಉಳವಪ್ಪ ಮೊದಲ ಅಕ್ಷರವನ್ನು ಹುಡುಕತೊಡಗಿದ.